ಅಪ್ಪನ ಹೆಸರಿನಲ್ಲೇ ಉಳಿದಿರುವ ಪಹಣಿ: ಕೈಹಾಕಲು ಮನಸ್ಸೇ ಬರುತ್ತಿಲ್ಲ, ಎಲ್ಲಿಂದ ಶುರು ಮಾಡಲಿ?

ತೆಂಗಿನೂರಿನವಳು (ಪ್ರಶ್ನೆ)

ನಮ್ಮೂರು ತಿಪಟೂರು ತಾಲ್ಲೂಕಿನಲ್ಲಿದೆ. ನಾನು ಬೆಂಗಳೂರಿನ ಒಂದು ಶಾಲೆಯ ಕಚೇರಿಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಕಾಗದಪತ್ರ ಕಂಡರೆ ಹೆದರುವವಳಲ್ಲ. ವರ್ಷಾಂತ್ಯದ ಲೆಕ್ಕ, ಭವಿಷ್ಯ ನಿಧಿಯ ವಿವರ, ಲೆಕ್ಕ ಪರಿಶೋಧಕರು ಕೇಳುವ ಹಳೆಯ ರಸೀದಿ, ಎಲ್ಲವೂ ನನ್ನ ಮೇಜಿನಿಂದ ಹೊತ್ತಿಗೆ ಸರಿಯಾಗಿ ಹೋಗುತ್ತವೆ. ಹೀಗಾಗಿ ಸಮಯ ಹೊಂದಿಸಿಕೊಳ್ಳುವ ಉಪಾಯ ಕೇಳಲು ನಾನು ಇಲ್ಲಿಗೆ ಬಂದಿಲ್ಲ.

ಅಪ್ಪ 2023ರ ಕೊನೆಯಲ್ಲಿ ತೀರಿಕೊಂಡರು. ಮೂರು ಎಕರೆ ಚಿಲ್ಲರೆ ತೆಂಗಿನ ತೋಟದ ಪಹಣಿ ಇವತ್ತಿಗೂ ಅವರ ಹೆಸರಿನಲ್ಲೇ ಇದೆ. ಅಮ್ಮ ಊರಿನಲ್ಲಿದ್ದಾರೆ, ಅಪ್ಪನ ತಾಯಿ, ನಮ್ಮ ಅಜ್ಜಿ, ಅವರ ಜೊತೆಗಿದ್ದಾರೆ. ತಮ್ಮ ತುಮಕೂರಿನ ವಸಂತನರಸಾಪುರದಲ್ಲಿ ಕೆಲಸಕ್ಕಿದ್ದಾನೆ, ತಂಗಿಯನ್ನು ಅರಸೀಕೆರೆಗೆ ಕೊಟ್ಟಿದೆ. ಪೌತಿ ಖಾತೆ, ಅಂದರೆ ತೀರಿಕೊಂಡವರ ಪಹಣಿಯನ್ನು ವಾರಸುದಾರರ ಹೆಸರಿಗೆ ಮಾಡಿಸುವ ಕೆಲಸ, ನನ್ನ ಪಾಲಿಗೆ ಬಂತು. "ಅಕ್ಕನಿಗೆ ಇದೆಲ್ಲ ಗೊತ್ತು" ಎಂದು ಎಲ್ಲರೂ ಹೇಳಿದರು, ನಾನೂ ಒಪ್ಪಿಕೊಂಡೆ. ಮರಣ ಪ್ರಮಾಣಪತ್ರ ಬಂತು. ಬ್ಯಾಂಕಿನ ಉಳಿತಾಯ ಖಾತೆಗೆ ಅಮ್ಮ ನಾಮಿನಿಯಾಗಿದ್ದರಿಂದ ಅದೂ ತೊಂದರೆಯಿಲ್ಲದೆ ಮುಗಿಯಿತು. ಅಲ್ಲಿಗೆ ನಿಂತದ್ದು ಇನ್ನೂ ಅಲ್ಲೇ ಇದೆ.

ಅಪ್ಪನ ಕಾಗದಗಳೆಲ್ಲ ಒಂದು ಕಂದು ಬಣ್ಣದ ರೆಕ್ಸಿನ್ ಚೀಲದಲ್ಲಿವೆ. ಕಂದಾಯದ ರಸೀದಿಗಳನ್ನು ವರ್ಷದ ಪ್ರಕಾರ ಜೋಡಿಸಿ, ಸೈಕಲ್ ಟ್ಯೂಬು ಕತ್ತರಿಸಿ ಮಾಡಿದ ರಬ್ಬರು ಹಾಕಿದ್ದಾರೆ. ಅದರ ಕೆಳಗೆ ಕೈಬರಹದ ಹಳೆಯ ಪಹಣಿ, ಸೊಸೈಟಿಯ ಪಾಸ್‌ಬುಕ್, ಮಂಡಿಯವರು ಕೊಟ್ಟ ಕೊಬ್ಬರಿಯ ಚೀಟಿಗಳು. ಒಂದೊಂದು ಚೀಟಿಯ ಹಿಂಬದಿಯಲ್ಲೂ ಪೆನ್ಸಿಲಿನಲ್ಲಿ ಅಪ್ಪನ ಲೆಕ್ಕ: ತೂಕ ಇಷ್ಟು, ಸುಲಿಸಿದ ಕೂಲಿ ಇಷ್ಟು, ಗಾಡಿ ಬಾಡಿಗೆ ಇಷ್ಟು, ಉಳಿದದ್ದು ಇಷ್ಟು. ಉಳಿದದ್ದರ ಮುಂದೆ ಕೆಲವು ಕಡೆ ನನ್ನ ಹೆಸರಿನ ಮೊದಲಕ್ಷರ, ಅದರ ಪಕ್ಕದಲ್ಲಿ "ಫೀಸು" ಎಂದು ಬರೆದಿದ್ದಾರೆ. ಚೀಲದ ಜಿಪ್ಪು ಎಳೆಯುತ್ತೇನೆ, ಆ ಅಕ್ಷರ ಕಣ್ಣಿಗೆ ಬೀಳುತ್ತದೆ, ಮತ್ತೆ ಜಿಪ್ಪು ಹಾಕಿ ಬೀರುವಿನ ಮೇಲಿಡುತ್ತೇನೆ.

ತಡ ಮಾಡಿದ್ದಕ್ಕೆ ನಷ್ಟ ಆಗುತ್ತಿರುವುದು ಅಮ್ಮನಿಗೆ. 2024ರಲ್ಲಿ ಉಂಡೆ ಕೊಬ್ಬರಿಗೆ ಕ್ವಿಂಟಾಲಿಗೆ 12,000 ರೂಪಾಯಿ ಬೆಂಬಲ ಬೆಲೆ ಇತ್ತು, ಮಾರುಕಟ್ಟೆಯ ದರ ಅದಕ್ಕಿಂತ ಬಹಳ ಕೆಳಗಿತ್ತು. ಖರೀದಿ ಕೇಂದ್ರದ ನೋಂದಣಿಗೆ ಫ್ರೂಟ್ಸ್ ಸಂಖ್ಯೆ (ಸರ್ಕಾರ ರೈತರಿಗೆ ಕೊಡುವ ಗುರುತಿನ ಸಂಖ್ಯೆ) ಬೇಕು, ಅದು ಅಪ್ಪನ ಹೆಸರಿನಲ್ಲಿತ್ತು. ಅಟ್ಟದ ಮೇಲೆ ವರ್ಷವಿಡೀ ಒಣಗಿದ ಕೊಬ್ಬರಿಯನ್ನು ಅಮ್ಮ ವ್ಯಾಪಾರಿ ಹೇಳಿದ ಬೆಲೆಗೆ ಕೊಟ್ಟರು. ಆಗಿನ್ನೂ ಸೂತಕದ ದುಃಖ, ಯಾರಿಗೂ ಅರ್ಜಿಯ ಯೋಚನೆ ಇರಲಿಲ್ಲ. ಆದರೆ ಆಮೇಲೆ ಸೊಸೈಟಿಯಲ್ಲಿ ಸಾಲ ಕೇಳಿದಾಗಲೂ ಅದೇ ಮಾತು ಬಂತು: ಮೊದಲು ಪಹಣಿ ನಿಮ್ಮ ಹೆಸರಿಗೆ ಮಾಡಿಸಿಕೊಂಡು ಬನ್ನಿ.

ಇಂಥ ಕೆಲಸವನ್ನು ಮಾಡಿ ಮುಗಿಸಿದವರು ಇಲ್ಲಿ ಇದ್ದೀರಿ ಎಂದು ಗೊತ್ತು. ಹೇಗೆ ಕೈಹಾಕಿದಿರಿ? "ಮನಸ್ಸು ಗಟ್ಟಿ ಮಾಡಿಕೊಳ್ಳಿ" ಎಂಬ ಮಾತನ್ನು ಬಹಳ ಜನ ಹೇಳಿದ್ದಾರೆ, ದಯವಿಟ್ಟು ಅದನ್ನು ಬಿಟ್ಟು ಹೇಳಿ.

ಬಸವನಗುಡಿ ವಾಸಿ

ಮೇಡಂ, ಇಷ್ಟು ಯಾತನೆ ಪಡುವ ಅಗತ್ಯವಿಲ್ಲ. ತಾಲ್ಲೂಕು ಕಚೇರಿಗಳ ಎದುರು ಅರ್ಜಿ ಬರೆದುಕೊಡುವವರು ಇರುತ್ತಾರೆ. ನಮ್ಮ ಮಾವನವರ ಜಮೀನಿನ ಕೆಲಸವನ್ನು ಅಂಥ ಒಬ್ಬರಿಗೆ ವಹಿಸಿದೆವು, ಅವರೇ ಓಡಾಡಿದರು, ನಾವು ಸಹಿ ಹಾಕಲು ಮಾತ್ರ ಹೋದೆವು. ಮನಸ್ಸಿಗೆ ಹಿಂಸೆಯಾಗುವ ಕೆಲಸವನ್ನು ದುಡ್ಡು ಕೊಟ್ಟು ಮಾಡಿಸಿಕೊಳ್ಳುವುದರಲ್ಲಿ ತಪ್ಪೇನಿಲ್ಲ. ಚೀಲವನ್ನು ಹಾಗೆಯೇ ಅವರ ಕೈಗೆ ಕೊಡಿ.

ಕಲಿಸುವವಳು, ಧಾರವಾಡ

ನಾನು ಪದವಿ ಕಾಲೇಜಿನಲ್ಲಿ ಮನಃಶಾಸ್ತ್ರ ಕಲಿಸುತ್ತೇನೆ. ನಿಮ್ಮ ಪ್ರಶ್ನೆಯ ಮೊದಲ ಪ್ಯಾರಾದಲ್ಲೇ ಮುಖ್ಯವಾದ ಮಾತಿದೆ, ಅದನ್ನು ನೀವೇ ಗುರುತಿಸಿದ್ದೀರಿ. ಕಚೇರಿಯ ಕೆಲಸವನ್ನೆಲ್ಲ ಹೊತ್ತಿಗೆ ಮುಗಿಸುವವರು ಒಂದೇ ಒಂದು ಕೆಲಸವನ್ನು ವರ್ಷಗಟ್ಟಲೆ ಮುಂದೂಡುತ್ತಿದ್ದರೆ ಅದು ಸೋಮಾರಿತನ ಅಲ್ಲವೇ ಅಲ್ಲ. ಮುಂದೂಡುವಿಕೆಯನ್ನು ಸಮಯದ ಸಮಸ್ಯೆ ಎಂದು ನೋಡುವುದು ಹಳೆಯ ರೂಢಿ. ಫ್ಯೂಷಿಯಾ ಸಿರೋಯಿಸ್ ಮತ್ತು ಕೆನಡಾದ ಕಾರ್ಲ್‌ಟನ್ ವಿಶ್ವವಿದ್ಯಾಲಯದ ತಿಮೊಥಿ ಪಿಚಿಲ್ 2013ರಲ್ಲಿ ಬರೆದ ಪ್ರಬಂಧದಲ್ಲಿ ಇದನ್ನು ಬೇರೆ ರೀತಿಯಲ್ಲಿ ವಿವರಿಸಿದರು. ಕೆಲಸ ನೆನೆದೊಡನೆ ಮನಸ್ಸಿಗೆ ಕಸಿವಿಸಿಯಾಗುತ್ತದೆ, ಪಕ್ಕಕ್ಕಿಟ್ಟೊಡನೆ ಆ ಕಸಿವಿಸಿ ಇಳಿಯುತ್ತದೆ. ಹಾಗೆ ಇಳಿಯುವುದೇ ಮನಸ್ಸಿಗೆ ಸಿಗುವ ಬಹುಮಾನ. ನೀವು ಪ್ರತಿ ಸಲ ಜಿಪ್ಪು ಹಾಕಿದಾಗಲೂ ಆ ಬಹುಮಾನ ಸಿಕ್ಕಿದೆ, ಮುಂದಿನ ಸಲ ಜಿಪ್ಪು ಹಾಕುವುದು ಇನ್ನಷ್ಟು ಸುಲಭವಾಗಿದೆ.

ಹಾಗಾದರೆ ಮಾಡಬೇಕಾದದ್ದು ಏನು? ಯಾವ ಕಸಿವಿಸಿ ಎಂಬುದನ್ನು ಮೊದಲು ಗುರುತಿಸಬೇಕು. ಎಲ್ಲ ಅಹಿತವೂ ಒಂದೇ ಬಗೆಯದಲ್ಲ, ಮದ್ದು ಕೂಡ ಒಂದೇ ಅಲ್ಲ. ಒಂದು ಹಾಳೆಯಲ್ಲಿ ಈ ಕೆಲಸದ ಹಂತಗಳನ್ನೆಲ್ಲ ಸಾಲಾಗಿ ಬರೆಯಿರಿ. ಪ್ರತಿ ಹಂತದ ಮುಂದೆ ಒಂದೇ ಶಬ್ದ: ಬೇಸರ, ದುಃಖ, ಭಯ, ನಾಚಿಕೆ, ಸಿಟ್ಟು, ಯಾವುದಾದರೂ ಸರಿ. ಬೇಸರದ ಕೆಲಸಕ್ಕೆ ರೇಡಿಯೋ ಹಾಕಿಕೊಂಡರೂ ಸಾಕು. ದುಃಖದ ಕೆಲಸಕ್ಕೆ ಪಕ್ಕದಲ್ಲಿ ಒಬ್ಬರು ಕೂರಬೇಕು, ಎಷ್ಟು ಹೊತ್ತು ಎಂಬ ಮಿತಿಯೂ ಬೇಕು. ಭಯದ ಕೆಲಸಕ್ಕೆ ಇವೆರಡೂ ಸಾಲವು. ಅದಕ್ಕೆ ತಿಳಿದವರ ಹತ್ತಿರ ಮಾಹಿತಿ ಕೇಳಬೇಕು, ಏಕೆಂದರೆ ನಮ್ಮ ಭಯಗಳಲ್ಲಿ ಹೆಚ್ಚಿನವು ಅರ್ಧ ಗೊತ್ತಿರುವ ವಿಷಯದ ಮೇಲೆ ನಿಂತಿರುತ್ತವೆ. ನಮ್ಮ ವಿದ್ಯಾರ್ಥಿನಿಯರಿಗೆ ಈ ಪಟ್ಟಿ ಬರೆಸುತ್ತೇನೆ. ಪರೀಕ್ಷೆಯ ಅರ್ಜಿ ತುಂಬಲು ತಡ ಮಾಡುವ ಹುಡುಗಿಯ ಹಾಳೆಯಲ್ಲಿ "ಬೇಸರ" ಇರುವುದಿಲ್ಲ, "ಅಪ್ಪನ ಹತ್ತಿರ ದುಡ್ಡು ಕೇಳಲು ನಾಚಿಕೆ" ಎಂದಿರುತ್ತದೆ. ಅದು ಗೊತ್ತಾದ ಮೇಲೆ ಆ ಹುಡುಗಿಗೆ ವೇಳಾಪಟ್ಟಿ ಹಾಕಿಕೊಟ್ಟು ಪ್ರಯೋಜನವಿಲ್ಲ, ವಿದ್ಯಾರ್ಥಿವೇತನದ ದಾರಿ ತೋರಿಸಬೇಕು.

ಇನ್ನೆರಡು ಮಾತು. ಜರ್ಮನಿಯ ಮನಃಶಾಸ್ತ್ರಜ್ಞ ಪೀಟರ್ ಗೋಲ್ವಿಟ್ಸರ್ 1999ರಲ್ಲಿ ವಿವರಿಸಿದ ಒಂದು ಕ್ರಮವಿದೆ. "ಈ ವಾರ ಮಾಡುತ್ತೇನೆ" ಎಂದುಕೊಳ್ಳುವ ಬದಲು "ಭಾನುವಾರ ಬೆಳಗಿನ ಕಾಫಿ ಲೋಟ ತೊಳೆದಿಟ್ಟ ಕೂಡಲೇ, ಊಟದ ಮೇಜಿನ ಬಳಿ ಕುಳಿತು, ರಸೀದಿಗಳನ್ನು ಮಾತ್ರ ತೆಗೆಯುತ್ತೇನೆ" ಎಂದು ಹೊತ್ತು, ಜಾಗ, ಕೆಲಸ ಮೂರನ್ನೂ ಮೊದಲೇ ನಿಶ್ಚಯಿಸಿಕೊಳ್ಳುವುದು. ಆ ಹೊತ್ತಿನಲ್ಲಿ ಮಾಡಲೋ ಬೇಡವೋ ಎಂದು ಮನಸ್ಸಿನ ಜೊತೆ ವಾದ ಮಾಡುವ ಅವಕಾಶವೇ ಉಳಿಯುವುದಿಲ್ಲ. ಎರಡನೆಯದು, ನಿಮ್ಮನ್ನು ನೀವು ಬೈದುಕೊಳ್ಳುವುದನ್ನು ನಿಲ್ಲಿಸಿ. ಇದು ಸಮಾಧಾನದ ಮಾತಲ್ಲ. ಪಿಚಿಲ್ ಮತ್ತು ಅವರ ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೊದಲ ಪರೀಕ್ಷೆಗೆ ಓದುವುದನ್ನು ಮುಂದೂಡಿದ್ದಕ್ಕೆ ತಮ್ಮನ್ನು ತಾವು ಕ್ಷಮಿಸಿಕೊಂಡ ವಿದ್ಯಾರ್ಥಿಗಳು ಮುಂದಿನ ಪರೀಕ್ಷೆಗೆ ಕಡಿಮೆ ಮುಂದೂಡಿದ್ದು ಕಂಡುಬಂತು. ಬೈದುಕೊಂಡಷ್ಟೂ ಆ ಚೀಲಕ್ಕೆ ಇನ್ನೊಂದು ಕಹಿ ಸೇರುತ್ತದೆ, ಅಷ್ಟೇ.

ಹಾಳೆ ಬರೆದು ಇಲ್ಲಿ ತಿಳಿಸಿ. ಮುಂದಿನದನ್ನು ನೋಡೋಣ.

ತೆಂಗಿನೂರಿನವಳು

ಬರೆದೆ. ರೆಕ್ಸಿನ್ ಚೀಲದ ಮುಂದೆ ದುಃಖ ಎಂದು ಬರೆಯಲು ಯೋಚಿಸಬೇಕಾಗಲಿಲ್ಲ. ನಾಡಕಚೇರಿಗೆ ಹೋಗಿ ಸರದಿಯಲ್ಲಿ ನಿಲ್ಲುವುದರ ಮುಂದೆ ಬೇಸರ. ಅಫಿಡವಿಟ್ ಮಾಡಿಸುವುದರ ಮುಂದೆ ಏನೂ ಇಲ್ಲ, ಅದು ನನಗೆ ದಿನನಿತ್ಯದ ಕೆಲಸ. ವಂಶವೃಕ್ಷದ ಮುಂದೆ ಮೊದಲು ಬೇಸರ ಎಂದು ಬರೆದೆ. ಬರೆದ ಮೇಲೆ ಅದು ನಿಜವಲ್ಲ ಎನ್ನಿಸಿತು. ಹೊಡೆದುಹಾಕಿ ಭಯ ಎಂದು ಬರೆದೆ.

ವಂಶವೃಕ್ಷದಲ್ಲಿ ನನ್ನ ಹೆಸರು, ತಂಗಿಯ ಹೆಸರು ಬರುತ್ತದೆ. ಅರ್ಜಿ ಹಿಡಿದುಕೊಂಡು ಓಡಾಡುವವಳೂ ನಾನೇ. ನಮ್ಮ ಕಡೆ ಹೆಣ್ಣುಮಕ್ಕಳು ಜಮೀನಿನ ಕಾಗದಕ್ಕೆ ಕೈಹಾಕಿದರೆ ಪಾಲು ಕೇಳಲು ಬಂದಳು ಎಂದೇ ಮಾತು ಹುಟ್ಟುತ್ತದೆ. ದೊಡ್ಡಪ್ಪನ ಮಗಳು ಹೀಗೆಯೇ ಒಂದು ಸಹಿಯ ವಿಚಾರದಲ್ಲಿ ತವರಿಗೆ ಬರುವುದನ್ನೇ ನಿಲ್ಲಿಸಿದ್ದಾಳೆ. ಗೌರಿ ಹಬ್ಬದ ಬಾಗಿನ ಕೂಡ ಹೋಗುವುದಿಲ್ಲ. ತಮ್ಮ ನನ್ನನ್ನು ಏನೂ ಕೇಳಿಲ್ಲ, ನಾನೂ ಏನೂ ಹೇಳಿಲ್ಲ. ನನಗೆ ಪಾಲು ಬೇಕೋ ಬೇಡವೋ ಎಂಬುದನ್ನೂ ನಾನು ಯೋಚಿಸಿಲ್ಲ. ಯೋಚಿಸಿ ತೀರ್ಮಾನ ಮಾಡದೆ ಅರ್ಜಿ ಕೊಡುವುದು ಹೇಗೆ? ಹಾಳೆಯಲ್ಲಿ ಬರೆಯುವವರೆಗೆ ಈ ಪ್ರಶ್ನೆ ನನ್ನೊಳಗೆ ಇದೆ ಎಂಬುದು ನನಗೇ ಸ್ಪಷ್ಟವಿರಲಿಲ್ಲ.

ಬಸವನಗುಡಿಯವರೇ, ನಿಮ್ಮ ಸಲಹೆಗೆ ಕೃತಜ್ಞಳು. ಆದರೆ ಅಪ್ಪನ ಪೆನ್ಸಿಲ್ ಲೆಕ್ಕವನ್ನು ಅಪರಿಚಿತರ ಕೈಗೆ ಕೊಡಲಾರೆ.

ನಿವೃತ್ತ ಗ್ರಾಮ ಲೆಕ್ಕಿಗ, ಹಾಸನ ಜಿಲ್ಲೆ

ತಾಯಿ, ನಾನು ಕೆಲಸಕ್ಕೆ ಸೇರಿದಾಗ ನಮ್ಮನ್ನು ಗ್ರಾಮ ಲೆಕ್ಕಿಗ ಎನ್ನುತ್ತಿದ್ದರು, ಈಗ ಗ್ರಾಮ ಆಡಳಿತ ಅಧಿಕಾರಿ ಎನ್ನುತ್ತಾರೆ. ಪಹಣಿಯನ್ನು ಕೈಯಲ್ಲಿ ಬರೆದ ಕಾಲವನ್ನೂ ನೋಡಿದ್ದೇನೆ, 2000ದ ನಂತರ ಭೂಮಿ ಯೋಜನೆಯಲ್ಲಿ ಅದೆಲ್ಲ ಕಂಪ್ಯೂಟರಿಗೆ ಹೋದದ್ದನ್ನೂ ನೋಡಿದ್ದೇನೆ. ಈ ಅನುಭವದ ಮೇಲೆ ಒಂದು ಮಾತನ್ನು ಧೈರ್ಯವಾಗಿ ಹೇಳುತ್ತೇನೆ: ನೀವು ಎರಡು ಕೆಲಸಗಳನ್ನು ಒಂದೇ ಎಂದು ತಿಳಿದುಕೊಂಡಿದ್ದೀರಿ. ಅದಕ್ಕೇ ಅದು ಇಷ್ಟು ಭಾರವಾಗಿದೆ.

ಪೌತಿ ಬೇರೆ, ವಿಭಾಗ ಬೇರೆ. ಪೌತಿ ಎಂದರೆ ಖಾತೆದಾರರು ತೀರಿಕೊಂಡರು, ಇವರು ಅವರ ವಾರಸುದಾರರು ಎಂದು ಸರ್ಕಾರದ ದಾಖಲೆಗೆ ತಿಳಿಸುವುದು. ಅಷ್ಟೇ. ಯಾರಿಗೆ ಎಷ್ಟು, ಯಾವ ದಿಕ್ಕಿನ ತೆಂಗಿನ ಸಾಲು ಯಾರಿಗೆ, ಬಾವಿ ಯಾರ ಪಾಲಿಗೆ ಎಂಬುದು ಪೌತಿಯಲ್ಲಿ ತೀರ್ಮಾನವಾಗುವುದಿಲ್ಲ. ವಾರಸುದಾರರೆಲ್ಲರ ಹೆಸರನ್ನೂ ಜಂಟಿಯಾಗಿ ಪಹಣಿಯ 9ನೇ ಕಾಲಂಗೆ ತಂದರೆ ಆ ಕೆಲಸ ಮುಗಿಯಿತು. ಆಮೇಲೆ ನೀವೆಲ್ಲರೂ ಕುಳಿತು ಪಾಲು ಮಾಡಿಕೊಳ್ಳಬಹುದು, ಮಾಡಿಕೊಳ್ಳದೆ ಜಂಟಿಯಾಗಿಯೇ ಇರಬಹುದು, ನಿಮಗೆ ಬೇಡವೆನಿಸಿದರೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಹಕ್ಕು ಬಿಡುಗಡೆ ಪತ್ರ ಬರೆದುಕೊಡಬಹುದು. ಈ ಮೂರರಲ್ಲಿ ಯಾವುದನ್ನೂ ಇವತ್ತು ತೀರ್ಮಾನಿಸಬೇಕಾಗಿಲ್ಲ. ಪಾಲು ಬೇಕೋ ಬೇಡವೋ ಎಂದು ಯೋಚಿಸದೆ ಅರ್ಜಿ ಕೊಡುವುದು ಹೇಗೆ ಎಂದು ಕೇಳಿದ್ದೀರಿ. ಧಾರಾಳವಾಗಿ ಕೊಡಬಹುದು.

ಇನ್ನು ಹೆಣ್ಣುಮಕ್ಕಳ ಹೆಸರಿನ ವಿಚಾರ. ವಂಶವೃಕ್ಷದಲ್ಲಿ ನಿಮ್ಮ ಹೆಸರು ಇರುವುದು ನೀವು ಕೇಳಿಕೊಂಡದ್ದರಿಂದ ಅಲ್ಲ, ನೀವು ಮಗಳು ಎಂಬ ಕಾರಣದಿಂದ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ತಿದ್ದುಪಡಿಯಾಗಿ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಬಂತು. ನಮ್ಮ ರಾಜ್ಯದಲ್ಲಿ 1994ರಲ್ಲೇ ಒಂದು ತಿದ್ದುಪಡಿ ಬಂದಿತ್ತು, ಆದರೆ ಅದಕ್ಕೆ ಮೊದಲೇ ಮದುವೆಯಾದವರಿಗೆ ಅದು ಅನ್ವಯಿಸುತ್ತಿರಲಿಲ್ಲ. ಮಗಳ ಹಕ್ಕು ಹುಟ್ಟಿನಿಂದಲೇ ಬರುತ್ತದೆ ಎಂದು 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿತು. ಹೆಸರು ಬಿಟ್ಟು ವಂಶವೃಕ್ಷ ಮಾಡಿಸಿದರೆ ಅದು ಸುಳ್ಳು ಪ್ರಮಾಣ. ಬಸವನಗುಡಿಯ ಸ್ವಾಮಿಗಳು ಬೇಸರಿಸಬಾರದು, ಓಡಾಟಕ್ಕೆ ಒಬ್ಬರ ನೆರವು ಪಡೆಯಿರಿ, ಅಡ್ಡಿಯಿಲ್ಲ. ಆದರೆ ಅಫಿಡವಿಟ್ಟಿನಲ್ಲಿ ಏನು ಬರೆದಿದೆ ಎಂದು ಓದದೆ ಸಹಿ ಹಾಕಬೇಡಿ. "ಹೆಣ್ಣುಮಕ್ಕಳ ಹೆಸರು ಬಿಟ್ಟರೆ ಬೇಗ ಆಗುತ್ತದೆ" ಎಂದು ಬರೆಸಿದ ಅರ್ಜಿಗಳು ಮುಂದೆ ನ್ಯಾಯಾಲಯಕ್ಕೆ ಹೋಗಿ ಅಣ್ಣತಂಗಿಯರು ಮುಖ ನೋಡದಂತಾದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಿಮ್ಮ ದೊಡ್ಡಪ್ಪನ ಮನೆಯಲ್ಲಿ ಆದದ್ದೂ ಅಂಥದ್ದೇ ಇರಬಹುದು. ಎಲ್ಲರ ಹೆಸರನ್ನೂ ನೇರವಾಗಿ ಬರೆಸಿದ ಮನೆಗಳಲ್ಲಿ ಜಗಳ ಕಡಿಮೆ. ಇದು ನನ್ನ ಸೇವಾವಧಿಯ ಅನುಭವ.

ತಡ ಮಾಡಿದ್ದಕ್ಕೆ ಹೆದರಬೇಡಿ. 1964ರ ಭೂಕಂದಾಯ ಕಾಯ್ದೆಯ 128ನೇ ಕಲಂ ಪ್ರಕಾರ ಮೂರು ತಿಂಗಳೊಳಗೆ ತಿಳಿಸಬೇಕು, ನಿಜ. ತಡವಾದರೆ ಹಕ್ಕು ಹೋಗುವುದಿಲ್ಲ. ಆದರೆ ಇನ್ನೂ ತಡ ಮಾಡಬೇಡಿ ಎಂದು ಕೈಮುಗಿದು ಕೇಳುತ್ತೇನೆ, ಏಕೆಂದರೆ ತಡವಾದಷ್ಟೂ ವಂಶವೃಕ್ಷದ ಕೊಂಬೆ ಹೆಚ್ಚುತ್ತವೆ. ನಾನಿದ್ದ ಒಂದು ವೃತ್ತದಲ್ಲಿ ಮುತ್ತಜ್ಜನ ಹೆಸರಿನಲ್ಲೇ ಉಳಿದಿದ್ದ ಒಂದು ಎಕರೆ ಹೊಲಕ್ಕೆ ಮೂವತ್ತಕ್ಕೂ ಹೆಚ್ಚು ವಾರಸುದಾರರು. ಒಬ್ಬರು ಮುಂಬೈಯಲ್ಲಿ, ಒಬ್ಬರು ಎಲ್ಲಿದ್ದಾರೆಂದೇ ಯಾರಿಗೂ ತಿಳಿಯದು. ಉಳುತ್ತಿದ್ದವನಿಗೆ ಬರ ಪರಿಹಾರವೂ ಇಲ್ಲ, ಬೆಳೆ ವಿಮೆಯೂ ಇಲ್ಲ. ನಿಮ್ಮ ಮನೆಯಲ್ಲಿ ಇವತ್ತು ಇರುವವರು ಅಜ್ಜಿ, ಅಮ್ಮ, ನೀವು ಮೂವರು. ಒಂದು ಮಧ್ಯಾಹ್ನ ಐದು ಜನ ಒಂದೇ ಜಗಲಿಯ ಮೇಲೆ ಕೂರಬಹುದು. ಇದಕ್ಕಿಂತ ಸುಲಭದ ಪೌತಿ ಅರ್ಜಿ ನನ್ನ ಮೇಜಿಗೆ ಬರುತ್ತಿದ್ದದ್ದು ಅಪರೂಪ.

ನೀವು ಮೊದಲು ಮಾಡಬೇಕಾದದ್ದು ಇದು. ಚೀಲ ಮುಟ್ಟಬೇಡಿ. ಭೂಮಿ ಜಾಲತಾಣದಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರು ಕೊಟ್ಟರೆ ಪಹಣಿಯ ವಿವರ ಕಾಣುತ್ತದೆ, ನೋಡುವುದಕ್ಕೆ ಶುಲ್ಕವಿಲ್ಲ. 9ನೇ ಕಾಲಂನಲ್ಲಿ ಅಪ್ಪನ ಹೆಸರು ಒಂದೇ ಇದೆಯೋ, ಜೊತೆಗೆ ದೊಡ್ಡಪ್ಪ ಚಿಕ್ಕಪ್ಪಂದಿರ ಹೆಸರೂ ಇದೆಯೋ ನೋಡಿ. 11ನೇ ಕಾಲಂನಲ್ಲಿ ಸಾಲದ ಉಲ್ಲೇಖ ಇದೆಯೇ ನೋಡಿ. ಮರಣ ಪ್ರಮಾಣಪತ್ರದಲ್ಲಿ ಅಪ್ಪನ ಹೆಸರು ಪಹಣಿಯಲ್ಲಿ ಇರುವಂತೆಯೇ ಇದೆಯೇ ಎಂದು ಅಕ್ಷರ ಅಕ್ಷರ ಹೋಲಿಸಿ. ಹೆಚ್ಚಿನ ಅರ್ಜಿಗಳು ಸಿಕ್ಕಿಬೀಳುವುದು ಇಲ್ಲಿ. ಅರ್ಧ ಗಂಟೆಯ ಕೆಲಸ, ಲೆಕ್ಕ ನೋಡುವ ನಿಮ್ಮ ಕಣ್ಣಿಗೆ ಅಷ್ಟೂ ಬೇಕಾಗಲಿಕ್ಕಿಲ್ಲ.

ಆಮೇಲೆ ಹೋಬಳಿಯ ನಾಡಕಚೇರಿಯಲ್ಲಿ ವಂಶವೃಕ್ಷಕ್ಕೆ ಅರ್ಜಿ. ಊರಿನಲ್ಲಿ ಮಹಜರು ಆಗುತ್ತದೆ, ನೆರೆಹೊರೆಯವರು ಸಹಿ ಹಾಕುತ್ತಾರೆ. ಅದು ಕೈಗೆ ಬಂದ ಮೇಲೆ ಪೌತಿ ಅರ್ಜಿ. ನೋಟಿಸು ಹೊರಡುತ್ತದೆ, ತಕರಾರು ಬಾರದಿದ್ದರೆ ರಾಜಸ್ವ ನಿರೀಕ್ಷಕರು ಮ್ಯುಟೇಶನ್, ಅಂದರೆ ಪಹಣಿಯಲ್ಲಿ ಹೆಸರಿನ ಬದಲಾವಣೆ, ಮಂಜೂರು ಮಾಡುತ್ತಾರೆ. 2025ರಲ್ಲಿ ಇಲಾಖೆ ಇ-ಪೌತಿ ಆಂದೋಲನವನ್ನೂ ಶುರು ಮಾಡಿದೆ. ನಿಮ್ಮ ಗ್ರಾಮ ಆಡಳಿತ ಅಧಿಕಾರಿಗೆ ಒಂದು ಫೋನ್ ಮಾಡಿ, ನಿಮ್ಮ ಊರಿನಲ್ಲಿ ಹೇಗೆ ನಡೆಯುತ್ತಿದೆ ಎಂದು ಕೇಳಿ.

ತಮ್ಮನ ಹತ್ತಿರ ಹೇಗೆ ಮಾತನಾಡಲಿ ಎಂಬುದು ನಿಮ್ಮ ಮುಂದಿನ ಪ್ರಶ್ನೆಯಾಗಿರುತ್ತದೆ. "ಪಾಲು" ಎಂಬ ವಿಷಯ ಎತ್ತಬೇಡಿ. ಅದು ಈ ಅರ್ಜಿಯಲ್ಲಿ ಇಲ್ಲ. "ಅಮ್ಮನಿಗೆ ಫ್ರೂಟ್ಸ್ ಸಂಖ್ಯೆ ಆಗಬೇಕು, ಅದಕ್ಕೆ ಐದು ಜನರ ಹೆಸರು ಜಂಟಿಯಾಗಿ ಬರಬೇಕು, ಇದು ವಿಭಾಗ ಅಲ್ಲ" ಎಂದು ಹೇಳಿ. ಅವನಿಗೂ ಇದೇ ಸಂಶಯ ಒಳಗೊಳಗೇ ಇರುತ್ತದೆ, ಅಕ್ಕನನ್ನು ಕೇಳುವುದು ಹೇಗೆ ಎಂದು ಸುಮ್ಮನಿದ್ದಾನೆ.

ಕುಂದಾಪುರದವ, ಈಗ ದೋಹಾ

ಅಕ್ಕ, ಜಮೀನಿನ ವಿಷಯ ಹಿರಿಯರು ಹೇಳಿದ್ದಾರೆ. ನಾನು ಚೀಲದ ವಿಷಯ ಹೇಳುತ್ತೇನೆ. ಅಮ್ಮ ಹೋದ ಮೇಲೆ ಅವರ ಕಬ್ಬಿಣದ ಪೆಟ್ಟಿಗೆ ತೆರೆಯುವ ಕೆಲಸ ನನ್ನದಾಗಿತ್ತು, ವಿಮೆಯ ಕಾಗದ ಅದರಲ್ಲಿತ್ತು. ನಾನು ರಜೆಯಲ್ಲಿ ಹೋದಾಗಲೆಲ್ಲ ಪೆಟ್ಟಿಗೆ ಮಂಚದಡಿಯಲ್ಲೇ ಉಳಿಯುತ್ತಿತ್ತು. ಕೊನೆಗೆ ಪಕ್ಕದ ಮನೆಯ ಶೀನಣ್ಣನನ್ನು ಕರೆದೆ. ಅವರು ಮೀನು ಮಾರುಕಟ್ಟೆಯಲ್ಲಿ ಕೆಲಸ ಮಾಡುವವರು, ಹೆಚ್ಚು ಮಾತಿನವರಲ್ಲ. "ಇಲ್ಲಿ ಕುಳಿತುಕೊಳ್ಳಿ, ನಾನು ತೆಗೆದ ಕಾಗದವನ್ನು ನಿಮ್ಮ ಕೈಗೆ ಕೊಡುತ್ತೇನೆ, ನೀವು ಎರಡು ಗುಡ್ಡೆ ಮಾಡಿ, ಸರ್ಕಾರದ ಮುದ್ರೆ ಇರುವುದು ಒಂದು ಕಡೆ, ಇಲ್ಲದ್ದು ಇನ್ನೊಂದು ಕಡೆ" ಎಂದೆ. ಮುದ್ರೆ ಇಲ್ಲದ ಗುಡ್ಡೆಯನ್ನು ನಾನು ಆ ದಿನ ಓದಲೇ ಇಲ್ಲ. ಅಮ್ಮನ ಪತ್ರಗಳು, ದೇವಸ್ಥಾನದ ಸೇವೆಯ ಚೀಟಿಗಳು, ನನ್ನ ಅಂಕಪಟ್ಟಿ ಎಲ್ಲ ಅದರಲ್ಲಿದ್ದವು. ಅವನ್ನು ಹಾಗೆಯೇ ಪೆಟ್ಟಿಗೆಗೆ ಹಾಕಿ, ಮುದ್ರೆಯ ಗುಡ್ಡೆ ಮಾತ್ರ ಹೊಸ ಫೈಲಿಗೆ ಸೇರಿಸಿದೆ. ಅಳು ಬಂತು, ಶೀನಣ್ಣ ಏನೂ ಹೇಳದೆ ಕುಳಿತರು.

ನೀವೂ ಹಾಗೆ ಮಾಡಬಹುದು. ಮಂಡಿ ಚೀಟಿಗಳು ಅರ್ಜಿಗೆ ಬೇಕಾಗುವುದಿಲ್ಲ. ಕಂದಾಯದ ರಸೀದಿ, ಹಳೆಯ ಪಹಣಿ, ಪಾಸ್‌ಬುಕ್ ಇಷ್ಟನ್ನು ಯಾರಾದರೂ ತೆಗೆದುಕೊಟ್ಟರೆ ಸಾಕು. ಚೀಟಿಗಳನ್ನು ಓದುವ ದಿನ ಬೇರೆ ಇರಲಿ, ಅವನ್ನು ಓದುವುದು ಕೆಲಸವೇ ಅಲ್ಲ.

ಬಸವನಗುಡಿ ವಾಸಿ

ಹಿರಿಯರು ಹೇಳಿದ್ದು ಸರಿ. ನಮ್ಮ ಅಫಿಡವಿಟ್ಟಿನ ಪ್ರತಿ ತೆಗೆದು ಓದಿದೆ, ಅತ್ತಿಗೆಯ ಹೆಸರು ಇದೆ. ಸಮಾಧಾನವಾಯಿತು.

ತೆಂಗಿನೂರಿನವಳು

ಇಲ್ಲಿಯವರೆಗೆ ಆದದ್ದನ್ನು ತಿಳಿಸುತ್ತೇನೆ. ಪಹಣಿ ನೋಡಿದೆ. 9ನೇ ಕಾಲಂನಲ್ಲಿ ಅಪ್ಪನ ಹೆಸರು ಒಂದೇ ಇದೆ, ಅಜ್ಜನ ಕಾಲದ ವಿಭಾಗ ಮೊದಲೇ ಆಗಿದೆ. ಸೊಸೈಟಿಯ ಹಳೆಯ ಸಾಲ ತೀರಿದ್ದರೂ 11ನೇ ಕಾಲಂನಲ್ಲಿ ಹಾಗೆಯೇ ಉಳಿದಿದೆ, ಅದನ್ನು ತೆಗೆಸಲು ಋಣಮುಕ್ತ ಪತ್ರ ಕೇಳಿದ್ದೇನೆ. ಆ ಕೆಲಸದ ಮುಂದೆ ಬೇಸರ ಎಂದೂ ಬರೆಯಬೇಕಾಗಲಿಲ್ಲ.

ತಮ್ಮನಿಗೆ ಫೋನ್ ಮಾಡುವ ಮೊದಲು ಧಾರವಾಡದ ಮೇಡಂ ಹೇಳಿದಂತೆ ಹೊತ್ತು, ಜಾಗ ಎರಡನ್ನೂ ಗೊತ್ತು ಮಾಡಿಕೊಂಡೆ. ಅವನ ಪಾಳಿ ಮುಗಿದ ಮೇಲೆ, ನಮ್ಮ ಮನೆಯ ಮಹಡಿಯ ಮೇಲೆ ಒಣಗಿದ ಬಟ್ಟೆ ತೆಗೆಯುವ ಹೊತ್ತಿನಲ್ಲಿ. ಹಿರಿಯರ ಮಾತನ್ನು ಹಾಳೆಯಲ್ಲಿ ಬರೆದುಕೊಂಡಿದ್ದೆ, ಹಾಗೆಯೇ ಓದಿದೆ. ಅವನು ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಆಮೇಲೆ, "ಅಕ್ಕ, ನಾನು ಕೇಳಿದರೆ ನಿಮ್ಮ ಹೆಸರು ಬಿಡಿಸಲು ಅವಸರ ಮಾಡುತ್ತಿದ್ದೇನೆ ಎಂದುಕೊಳ್ಳುತ್ತೀಯ ಎಂದು ಸುಮ್ಮನಿದ್ದೆ" ಎಂದ. ಮುಂದಿನ ಅಮಾವಾಸ್ಯೆಗೆ ಎಡೆ ಇಡಲು ಎಲ್ಲರೂ ಊರಿಗೆ ಹೋಗುತ್ತೇವೆ, ಚೀಲವನ್ನು ಅವನೇ ತೆರೆಯುತ್ತಾನೆ, ರಸೀದಿ ತೆಗೆದುಕೊಡುತ್ತಾನೆ. ಮಂಡಿ ಚೀಟಿಗಳನ್ನು ನನಗೆ ಬಿಟ್ಟಿರು ಎಂದಿದ್ದೇನೆ.

ಪಾಲಿನ ವಿಷಯ ನಮ್ಮ ನಡುವೆ ಇನ್ನೂ ಬಂದಿಲ್ಲ, ನಾನೂ ಇನ್ನೂ ತೀರ್ಮಾನಿಸಿಲ್ಲ. ಈಗ ಅದು ಅರ್ಜಿಗೆ ಅಡ್ಡ ನಿಂತಿಲ್ಲ.

ಒಂದು ತೊಡಕು ಇದೆ ಅಜ್ಜನವರೇ. ಅಜ್ಜಿಯ ಹೆಸರು ಆಧಾರ್‌ನಲ್ಲಿ ಒಂದು ರೀತಿ, ಮತದಾರರ ಪಟ್ಟಿಯಲ್ಲಿ ಇನ್ನೊಂದು ರೀತಿ ಇದೆ. ಅಲ್ಲದೆ ತೋಟದ ಕೆಲಸ ಮಾಡಿ ಮಾಡಿ ಅವರ ಬೆರಳಿನ ಗುರುತು ಯಂತ್ರಕ್ಕೆ ಹತ್ತುವುದಿಲ್ಲ, ಪಡಿತರದ ಅಂಗಡಿಯಲ್ಲೂ ಇದೇ ಗೋಳು. ಅವರ ಹೆಸರು ಬಿಟ್ಟು ಅರ್ಜಿ ಕೊಡಬಹುದೇ?

ನಿವೃತ್ತ ಗ್ರಾಮ ಲೆಕ್ಕಿಗ, ಹಾಸನ ಜಿಲ್ಲೆ

ಬಿಡಬೇಡಿ. ಮಗ ತೀರಿಕೊಂಡಾಗ ಹೆಂಡತಿ ಮಕ್ಕಳ ಜೊತೆಗೆ ತಾಯಿಯೂ ಮೊದಲ ದರ್ಜೆಯ ವಾರಸುದಾರಳು. ಆಧಾರ್ ಕೇಂದ್ರಕ್ಕೆ ಒಮ್ಮೆ ಕರೆದುಕೊಂಡು ಹೋಗಿ ಹೆಸರು ಸರಿಪಡಿಸಿ, ಕಣ್ಣಿನ ಗುರುತು ಹೊಸದಾಗಿ ಕೊಡಿಸಿ, ನಿಮ್ಮ ಅಮ್ಮನ ಮೊಬೈಲ್ ಸಂಖ್ಯೆ ಜೋಡಿಸಿ. ಬೆರಳು ಹತ್ತದಿದ್ದರೆ ಕಣ್ಣಿನಿಂದ ಅಥವಾ ಮೊಬೈಲಿಗೆ ಬರುವ ಸಂಖ್ಯೆಯಿಂದ ದೃಢೀಕರಣ ಆಗುತ್ತದೆ. ಎರಡೂ ಹೆಸರಿನ ವ್ಯಕ್ತಿ ಒಬ್ಬರೇ ಎಂದು ಒಂದು ಅಫಿಡವಿಟ್ ಕೂಡ ಮಾಡಿಸಿಡಿ. ವಯಸ್ಸಾದವರು, ಬಿಸಿಲೇರುವ ಮೊದಲೇ ಹೋಗಿ, ಸರದಿಯ ಚೀಟಿಯನ್ನು ನಿಮ್ಮ ತಮ್ಮ ಮುಂಚೆಯೇ ಹೋಗಿ ತೆಗೆದಿರಲಿ. ಅಮಾವಾಸ್ಯೆಯ ಮರುದಿನ ಕಚೇರಿ ತೆರೆದಿರುತ್ತದೆಯೇ ಎಂದು ಈಗಲೇ ಫೋನ್ ಮಾಡಿ ಕೇಳಿಕೊಳ್ಳಿ.